ಜಿಲ್ಲೆಯ ಆರೋಗ್ಯ ಸಂವಹನವೋ, ರಾಜಧಾನಿಯ ನೀತಿ ಸಂವಹನವೋ?

ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದಿ ಸಾರ್ವಜನಿಕ ಆರೋಗ್ಯದತ್ತ ಹೊರಳುವವರ ಮುಂದೆ ಈ ಎರಡು ದಾರಿಗಳಿವೆ: ಒಂದು ಊರಿನ ಜನರಿಗೆ ಆರೋಗ್ಯದ ಮಾಹಿತಿ ತಲುಪಿಸುವುದು, ಇನ್ನೊಂದು ಬೆಂಗಳೂರಿನ ಅಧಿಕಾರಿಗಳಿಗೆ ಟಿಪ್ಪಣಿ ಬರೆಯುವುದು.

ಜಿಲ್ಲೆಯಲ್ಲಿ ನಿಜವಾದ ಪರೀಕ್ಷೆ ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಡಿಸೆಂಬರ್‌ನಿಂದ ಮೇ ತನಕ ಹೆಚ್ಚು. ಹಾಗಾಗಿ ಕರಪತ್ರ ಅಕ್ಟೋಬರ್‌ನಲ್ಲೇ ಅಚ್ಚಾಗಬೇಕು. ಜನವರಿಯಲ್ಲಿ ಬಂದರೆ ಗೋಡೆಗಷ್ಟೇ ಅಲಂಕಾರ. ‘ಕಾಡಿಗೆ ಹೋಗಬೇಡಿ’ ಎಂದರೆ ಯಾರೂ ಕೇಳುವುದಿಲ್ಲ. ಕೊಟ್ಟಿಗೆಗೆ ದರಗು (ಒಣ ಎಲೆ), ಒಲೆಗೆ ಸೌದೆ ಮತ್ತೆಲ್ಲಿಂದ ಬರಬೇಕು? ಹೊರಡುವ ಮುನ್ನ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ, ಬಂದೊಡನೆ ಬಿಸಿನೀರ ಸ್ನಾನ, ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ಸುದ್ದಿ: ಇಷ್ಟೇ ಹೇಳಿ. ಅಚ್ಚಿಗೆ ಮೊದಲು ನಾಲ್ಕೈದು ಜನರಿಗೆ ಓದಿ, ಅವರ ಮಾತಲ್ಲೇ ವಾಪಸ್ ಹೇಳಿಸಿ. ಎಡವಿದ ಸಾಲನ್ನು ತಿದ್ದಿ.

ನೀತಿ ಸಂವಹನದಲ್ಲಿ ಓದುಗ ಒಬ್ಬ ಅಧಿಕಾರಿ, ಹೆಚ್ಚೆಂದರೆ ಇಬ್ಬರು. ಎರಡು ಪುಟದ ಟಿಪ್ಪಣಿ. ಏನು ಬೇಕು, ಎಷ್ಟು ಖರ್ಚು, ಯಾರ ಸಹಿ ಎಂಬುದು ಮೊದಲ ಪ್ಯಾರಾದಲ್ಲೇ ಇರಲಿ. ಇಲಾಖೆಗಳು ಬಜೆಟ್ ಪ್ರಸ್ತಾವ ಕಳಿಸಿದ ಮೇಲೆ ತಲುಪಿದರೆ ಅದು ಮುಂದಿನ ವರ್ಷದ ಕಾಗದ. ದೊಡ್ಡ ತಲೆನೋವು ಅಂಕಿಅಂಶ: ಮಂಗಗಳ ಸಾವು ಅರಣ್ಯ, ಪಶುಪಾಲನಾ ಇಲಾಖೆಗಳ ಕಡೆ, ರೋಗಿಗಳ ಲೆಕ್ಕ ಆರೋಗ್ಯ ಇಲಾಖೆಯ ಕಡೆ. ದಿನಾಂಕ, ಗ್ರಾಮದ ಹೆಸರು ತಾಳೆಯಾಗದಿದ್ದರೆ ಸಭೆಯಲ್ಲಿ ಟಿಪ್ಪಣಿ ಅಲ್ಲೇ ಬಿತ್ತು.

ಜಿಲ್ಲೆಯ ಹುದ್ದೆಗಳಲ್ಲಿ ಗುತ್ತಿಗೆಯವೇ ಬಹಳ, ನವೀಕರಣದ ಚಿಂತೆ ತಪ್ಪದು. ಆದರೂ ಮೊದಲೆರಡು ಹಂಗಾಮು ಅಲ್ಲೇ ಕಳೆಯುವುದು ವಾಸಿ. ದರಗಿನ ವಿಷಯ ಗೊತ್ತಿಲ್ಲದವರು ಬರೆದ ನೀತಿ ಟಿಪ್ಪಣಿ ಓದಿದರೇ ತಿಳಿಯುತ್ತದೆ. ಸಂದರ್ಶನಕ್ಕೆ ಒಂದೇ ವಿಷಯದ ಕರಪತ್ರ, ಟಿಪ್ಪಣಿ ಎರಡನ್ನೂ ಒಯ್ಯಿರಿ.