ಟಿಳಕವಾಡಿಯ ಅಮೆರಿಕ ತೆರಿಗೆ ಕಚೇರಿ: ಮೊದಲು ದಿನದ ಲೆಕ್ಕ, ಆಮೇಲೆ ಫಾರ್ಮು

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂಎಸ್‌ಗೆ ಹೋದ ಹುಡುಗರು, ಇಲ್ಲಿನ ಮೆಡಿಕಲ್ ಕಾಲೇಜು ಜೆಎನ್‌ಎಂಸಿಯಿಂದ ರೆಸಿಡೆನ್ಸಿಗೆ (ಆಸ್ಪತ್ರೆಯ ತರಬೇತಿಗೆ) ಹೋದ ಡಾಕ್ಟರುಗಳು, ಕಂಪನಿ ಕಳಿಸಿದ ಎಚ್-1ಬಿ (ಕೆಲಸದ ವೀಸಾ) ನೌಕರರು, ಇವರ ಅಮೆರಿಕದ ಸಂಬಳ ತೆರಿಗೆಯ ಕೆಲಸವನ್ನು ಟಿಳಕವಾಡಿಯ ಒಂದು ಸಣ್ಣ ಕಚೇರಿ ಮಾಡಿಕೊಡುತ್ತದೆ. ಬೋರ್ಡಿನ ಮೇಲೆ ಜಿಎಸ್‌ಟಿ, ಐಟಿಆರ್ ಅಂತ ಮಾತ್ರ ಇದೆ. ಅಮೆರಿಕದ ಗಿರಾಕಿಗಳು ಒಬ್ಬರಿಂದೊಬ್ಬರು ಕೇಳಿ ಬರುವವರು. ಕೆಲಸ ಒಟ್ಟಾರೆ ಚೆನ್ನಾಗಿದೆ, ಎಲ್ಲಾ ಭಾಗದಲ್ಲೂ ಅಲ್ಲ.

ಕೂತ ಕೂಡಲೇ ಕೇಳುವುದು ತಾರೀಖು. “ಮೊದಲನೇ ಸಲ ಅಲ್ಲೆ ಯಾವಾಗ ಇಳದೀ ತಮ್ಮಾ? ನಡುವ ಊರಿಗೆ ಬಂದು ಹೋಗಿದ್ದೆಲ್ಲಾ ಬರದು ಕೊಡು.” ಸಂಬಳದ ಚೀಟಿ ಆಮೇಲೆ. ಈ ಕ್ರಮವೇ ಸರಿ. ತೆರಿಗೆಯ ಮಟ್ಟಿಗೆ ರೆಸಿಡೆಂಟ್ (ಅಲ್ಲಿನ ನಿವಾಸಿ) ಆಗಿದ್ದೀರೋ ಇಲ್ಲವೋ ಎಂಬುದು ವೀಸಾದ ಹೆಸರು ನೋಡಿದರೆ ಗೊತ್ತಾಗುವುದಿಲ್ಲ, ದಿನ ಎಣಿಸಬೇಕು. ಈ ವರ್ಷ ಅಲ್ಲಿದ್ದ ಎಲ್ಲ ದಿನ, ಹೋದ ವರ್ಷದ ದಿನಗಳಲ್ಲಿ ಮೂರರಲ್ಲೊಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರರಲ್ಲೊಂದು ಪಾಲು ಕೂಡಿಸಿ 183 ಮುಟ್ಟಿದರೆ ರೆಸಿಡೆಂಟ್. ಈ ವರ್ಷ ಕನಿಷ್ಠ 31 ದಿನವಾದರೂ ಅಲ್ಲಿರಬೇಕು. ಎಫ್-1 ವಿದ್ಯಾರ್ಥಿಗೆ ಮೊದಲ 5 ಕ್ಯಾಲೆಂಡರ್ ವರ್ಷದ ದಿನಗಳು ಈ ಎಣಿಕೆಗೆ ಬರುವುದಿಲ್ಲ. ಒಂದೇ ದಿನ ಇದ್ದರೂ ಪೂರ್ತಿ ವರ್ಷ ಎಂದೇ ಲೆಕ್ಕ. ಡಿಸೆಂಬರ್ 28ಕ್ಕೆ ಇಳಿದವನು ಆ 4 ದಿನಕ್ಕಾಗಿ ಒಂದು ವರ್ಷ ಕಳೆದುಕೊಳ್ಳುತ್ತಾನೆ, ಜನವರಿ 3ಕ್ಕೆ ಇಳಿದವನಿಗೆ ಅದು ಉಳಿಯುತ್ತದೆ. ಜೆ-1 (ವಿನಿಮಯ ಕಾರ್ಯಕ್ರಮದ ವೀಸಾ) ಮೇಲೆ ಹೋದ ಡಾಕ್ಟರುಗಳಿಗೆ ಈ ರಿಯಾಯಿತಿ ಸಾಮಾನ್ಯವಾಗಿ 2 ವರ್ಷ ಮಾತ್ರ. 2024ರ ಜೂನ್‌ನಲ್ಲಿ ಸೇರಿದವರಿಗೆ 2024, 2025 ಮುಗಿದರೆ ಆಯಿತು, 2026ರ ಜನವರಿಯಿಂದ ದಿನ ಎಣಿಕೆಗೆ ಬರುತ್ತವೆ. ವಿದ್ಯಾರ್ಥಿಗಳ 5 ವರ್ಷದ ನಿಯಮವನ್ನು ಡಾಕ್ಟರಿಗೂ ಹಚ್ಚುವ ತಪ್ಪು ಬಹಳ ಕಡೆ ಆಗುತ್ತದೆ. ಈ ಕಚೇರಿಯಲ್ಲಿ ಆಗುವುದಿಲ್ಲ.

ದಿನದ ಲೆಕ್ಕಕ್ಕೆ ಇಷ್ಟು ಒತ್ತು ಯಾಕೆಂದರೆ ಸಂಬಳದಲ್ಲಿ ಕಡಿತವಾಗುವ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿಯ ವಂತಿಗೆ) 6.2% ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) 1.45% ಇದರ ಮೇಲೇ ನಿಂತಿವೆ. ಎಫ್-1 ಮೇಲಿರುವ ನಾನ್‌ರೆಸಿಡೆಂಟ್ ತನ್ನ ವೀಸಾಕ್ಕೆ ತಕ್ಕ ಕೆಲಸ ಮಾಡಿದರೆ, ಅಂದರೆ ಕ್ಯಾಂಪಸ್ ಕೆಲಸ, ಸಿಪಿಟಿ (ಓದುತ್ತಿರುವಾಗಿನ ತರಬೇತಿ ಕೆಲಸ), ಒಪಿಟಿ (ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸ), ಸ್ಟೆಮ್ ಒಪಿಟಿ (ವಿಜ್ಞಾನ, ಇಂಜಿನಿಯರಿಂಗ್ ಓದಿದವರಿಗೆ ಅದರ ವಿಸ್ತರಣೆ), ಈ ಎರಡೂ ಕಡಿತ ಇಲ್ಲ. ತಿಂಗಳಿಗೆ 6,000 ಡಾಲರ್ ಸಂಬಳ ಇದ್ದರೆ 372 ಮತ್ತು 87, ಕೂಡಿ 459 ಡಾಲರ್ ಕೈಯಲ್ಲೇ ಉಳಿಯಬೇಕು. ಆದರೆ ಪೇರೋಲ್ (ಸಂಬಳ ಪಾವತಿಯ) ಸಾಫ್ಟ್‌ವೇರ್ ಹೊಸ ನೌಕರನನ್ನು ಮೊದಲಿಗೇ ರೆಸಿಡೆಂಟ್ ಎಂದು ಹಿಡಿಯುತ್ತದೆ. ಅದನ್ನು ಬದಲಿಸಲು ಎಚ್‌ಆರ್‌ಗೆ ಇಳಿದ ತಾರೀಖು ಯಾರೂ ಹೇಳಿರುವುದಿಲ್ಲ. ವಿಶ್ವವಿದ್ಯಾಲಯದ ಪೇರೋಲ್‌ಗೆ ಈ ರಿಯಾಯಿತಿ ರೂಢಿ, ಸಣ್ಣ ಕಂಪನಿಗಳಿಗೆ ಅಲ್ಲ. ಅದಕ್ಕೇ ಈ ಕಚೇರಿಯವರು ಡಬ್ಲ್ಯೂ-2 (ವರ್ಷದ ಸಂಬಳ, ಕಡಿತದ ಚೀಟಿ) ಕೈಗೆ ಬಂದ ಕೂಡಲೇ 4 ಮತ್ತು 6ನೇ ಬಾಕ್ಸ್ ನೋಡುತ್ತಾರೆ. ಅಲ್ಲಿ ಅಂಕಿ ಇದ್ದರೆ ಹಣ ಹೋಗಿದೆ ಎಂದರ್ಥ.

ಉಲ್ಟಾ ತಪ್ಪಿನ ಬಗ್ಗೆಯೂ ಎಚ್ಚರಿಸುತ್ತಾರೆ, ಇದು ಇನ್ನೂ ಮುಖ್ಯ. 2021ರ ಆಗಸ್ಟ್‌ನಲ್ಲಿ ಹೋದವನಿಗೆ 2025ಕ್ಕೆ 5 ವರ್ಷ ತುಂಬಿತು. 2026ರಲ್ಲಿ ಅವನು ಸ್ಟೆಮ್ ಒಪಿಟಿಯಲ್ಲೇ ಇರಬಹುದು, ವೀಸಾ ಬದಲಾಗದೆ ಇರಬಹುದು, ಆದರೆ ಆ ವರ್ಷ 183 ದಿನ ಇದ್ದರೆ ಜನವರಿ 1ರಿಂದಲೇ ರೆಸಿಡೆಂಟ್, ಕಡಿತವೂ ಅಂದಿನಿಂದಲೇ. ಕಂಪನಿ ಗಮನಿಸದೆ ಬಿಟ್ಟರೆ ಮುಂದೆ ಒಮ್ಮೆಲೇ ವಸೂಲಿ ಮಾಡುತ್ತದೆ. ಡಿಸೆಂಬರ್‌ನಲ್ಲೇ ಪೇರೋಲ್‌ಗೆ ಕಳಿಸಲು ಈ ಕಚೇರಿಯವರು ಒಂದು ಪುಟದ ಪತ್ರ ಬರೆದುಕೊಡುತ್ತಾರೆ. ಬಹಳ ಉಪಯೋಗದ ಕಾಗದ.

ಎಫ್-1ನಿಂದ ಎಚ್-1ಬಿಗೆ ಅಕ್ಟೋಬರ್ 1ಕ್ಕೆ ಬದಲಾದ ವರ್ಷದಲ್ಲಿ ಹೆಚ್ಚಿನ ಕಚೇರಿಗಳು ಎಡವುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 92 ದಿನ. 5 ವರ್ಷ ಇನ್ನೂ ಮುಗಿಯದವನಿಗೆ ಎಣಿಕೆಗೆ ಬರುವುದು ಅಷ್ಟೇ, 183 ಆಗುವುದಿಲ್ಲ. ಹಾಗಾಗಿ ಆದಾಯ ತೆರಿಗೆಗೆ ಆ ವರ್ಷ ಪೂರ್ತಿ ನಾನ್‌ರೆಸಿಡೆಂಟ್, ಫಾರ್ಮ್ 1040-ಎನ್‌ಆರ್ (ನಾನ್‌ರೆಸಿಡೆಂಟರ ರಿಟರ್ನ್). ಆದರೆ ಸೋಷಿಯಲ್ ಸೆಕ್ಯುರಿಟಿ ರಿಯಾಯಿತಿ ಎಫ್, ಜೆಯಂಥ ವೀಸಾಕ್ಕೆ ಅಂಟಿದ್ದು. ಎಚ್-1ಬಿ ಆದ ದಿನದಿಂದ 7.65% ಕಡಿತ ಶುರು. ಒಂದೇ ವರ್ಷ, ಒಬ್ಬನೇ ಮನುಷ್ಯ, ಎರಡು ಉತ್ತರ. ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದ್ದರಿಂದ ಎಚ್-1ಬಿಯವರಿಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಈ ಭಾಗವನ್ನು ಇಲ್ಲಿ ಕಾಗದದ ಮೇಲೆ ಗೆರೆ ಎಳೆದು ಬಿಡಿಸಿ ಹೇಳುತ್ತಾರೆ. ಹೀಗೆ ಬದಲಾದವರಿಗೆ, ಷರತ್ತು ಕೂಡಿಬಂದರೆ, ವರ್ಷದ ಕೊನೆಯ ಭಾಗಕ್ಕೆ ರೆಸಿಡೆಂಟ್ ಎಂದು ತಾವೇ ಆಯ್ದುಕೊಳ್ಳುವ ಅವಕಾಶವೂ ಇದೆ. ಹೆಂಡತಿ ಮಕ್ಕಳಿರುವವರಿಗೆ ಅದು ಮುಖ್ಯ. ನಾವೇ ಕೇಳುವ ತನಕ ಆ ಮಾತು ಎತ್ತುವುದಿಲ್ಲ ಎಂಬುದು ಕೊರತೆ.

ಡಬ್ಲ್ಯೂ-4 (ತೆರಿಗೆ ಕಡಿತಕ್ಕಾಗಿ ಕಂಪನಿಗೆ ಕೊಡುವ ಫಾರ್ಮು) ತುಂಬಿಸುವುದರಲ್ಲಿ ಕೈ ಪಳಗಿದೆ. ನಾನ್‌ರೆಸಿಡೆಂಟ್ ಆದವರು ಮದುವೆಯಾಗಿದ್ದರೂ ಮೊದಲ ಹಂತದಲ್ಲಿ ಸಿಂಗಲ್ ಎಂದಿರುವ ಬಾಕ್ಸನ್ನೇ ಗುರುತಿಸಬೇಕು, 4(ಸಿ) ಕೆಳಗಿನ ಜಾಗದಲ್ಲಿ ಎನ್‌ಆರ್‌ಎ (ನಾನ್‌ರೆಸಿಡೆಂಟ್ ಏಲಿಯನ್) ಎಂದು ಬರೆಯಬೇಕು, ಎಕ್ಸೆಂಪ್ಟ್ (ಕಡಿತ ಬೇಡ) ಎಂದು ಹಾಕಬಾರದು. ಉಳಿದ ದೇಶದ ನಾನ್‌ರೆಸಿಡೆಂಟರ ತೆರಿಗೆ ಲೆಕ್ಕ ಹಾಕುವಾಗ ಪೇರೋಲ್ ಸಂಬಳಕ್ಕೆ ಒಂದಿಷ್ಟು ಮೊತ್ತ ಕೂಡಿಸಿಕೊಳ್ಳುತ್ತದೆ. ಭಾರತದ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ, ಯಾಕೆಂದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯ ಪ್ರಕಾರ ಅವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. 2024ಕ್ಕೆ ಒಂಟಿಯಾಗಿರುವವರಿಗೆ ಅದು 14,600 ಡಾಲರ್. ಚಿಕ್ಕ ಮೊತ್ತವೇನಲ್ಲ. ಇದನ್ನು ಬಿಟ್ಟು ಫೈಲ್ ಮಾಡಿದ ರಿಟರ್ನ್‌ಗಳನ್ನು ಇಲ್ಲಿ ತಿದ್ದಿಕೊಡುತ್ತಾರೆ. ಆದಾಯ ಇಲ್ಲದ ವರ್ಷವೂ ಫಾರ್ಮ್ 8843 (ದಿನ ಎಣಿಕೆಗೆ ಬರುವುದಿಲ್ಲ ಎಂಬ ಹೇಳಿಕೆ) ಕಳಿಸಬೇಕೆಂದು ಪ್ರತಿಯೊಬ್ಬರಿಗೂ ನೆನಪಿಸುತ್ತಾರೆ.

ತಪ್ಪಾಗಿ ಕಡಿತವಾದ ಹಣ ವಾಪಸ್ ತರಿಸುವ ಕೆಲಸಕ್ಕೇ ಇಲ್ಲಿ ಬರಬೇಕು. ಮೊದಲು ಕಂಪನಿಗೆ ಬರೆಸುತ್ತಾರೆ: ಹಣ ಹಿಂತಿರುಗಿಸಿ ಡಬ್ಲ್ಯೂ-2ಸಿ (ತಿದ್ದಿದ ಡಬ್ಲ್ಯೂ-2) ಕೊಡಿ ಎಂದು. ಕಂಪನಿ ಒಪ್ಪಿದರೆ ಅದೇ ಬೇಗ ಆಗುವ ದಾರಿ, ಅದರ ಪಾಲಿನ 7.65% ಕೂಡ ಅದಕ್ಕೆ ವಾಪಸ್ ಸಿಗುವುದರಿಂದ ಕಂಪನಿಗೂ ಲಾಭವೇ. ಒಪ್ಪದಿದ್ದರೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಫಾರ್ಮ್ 843 (ಮರುಪಾವತಿಯ ಅರ್ಜಿ), ಜೊತೆಗೆ 8316. ಲಗತ್ತಿಸಬೇಕಾದ್ದು ಡಬ್ಲ್ಯೂ-2, ವೀಸಾ ಪುಟ, ಐ-94 (ದೇಶ ಪ್ರವೇಶದ ದಾಖಲೆ), ಒಪಿಟಿ ನಮೂದಾದ ಐ-20 (ಕಾಲೇಜು ಕೊಡುವ ಪತ್ರ), ಇಎಡಿ (ಕೆಲಸದ ಪರವಾನಗಿ) ಕಾರ್ಡ್, ಕಂಪನಿಯ ಉತ್ತರ, ಉತ್ತರ ಸಿಗದಿದ್ದರೆ ನೀವು ಕೇಳಿದ್ದರ ವಿವರ. ಈ ಹಣವನ್ನು 1040-ಎನ್‌ಆರ್ ಒಳಗೆ ಕೇಳಲು ಬರುವುದಿಲ್ಲ; ಅಲ್ಲಿ ಸೇರಿಸಿ ಕೂತವರು ತಿಂಗಳುಗಟ್ಟಲೆ ಕಾಯುತ್ತಾರೆ, ಕೊನೆಗೆ ಏನೂ ಬರುವುದಿಲ್ಲ. ಸಾಮಾನ್ಯವಾಗಿ 3 ವರ್ಷದ ಗಡುವು ಇದೆ, ಹಳೆಯ ಡಬ್ಲ್ಯೂ-2ಗಳನ್ನೂ ತೆಗೆದು ನೋಡಿ.

ರೆಸಿಡೆಂಟ್ ಆದ ಮೇಲೆ ಊರಿನ ಖಾತೆಗಳ ಪ್ರಶ್ನೆ ಬರುತ್ತದೆ. ಇದರಲ್ಲಿ ಬೆಳಗಾವಿಯ ಕಚೇರಿಗೆ ಇರುವ ತಿಳಿವಳಿಕೆ ಅಲ್ಲಿನ ಸಾಫ್ಟ್‌ವೇರ್‌ಗೆ ಇಲ್ಲ. ಅಪ್ಪನ ಜೊತೆ ಜಂಟಿ ಎಫ್‌ಡಿ ಇದೆಯೇ, ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇದೆಯೇ, ಪಿಪಿಎಫ್ ಇದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಎಲ್ಲ ಖಾತೆ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ (ವಿದೇಶಿ ಖಾತೆಗಳ ವರದಿ) ಕೊಡಬೇಕು, ಹಣ ಅಪ್ಪನದೇ ಆಗಿದ್ದರೂ ಜಂಟಿ ಹೆಸರಿದ್ದರೆ ಸಾಕು.

ರಾಜ್ಯದ ತೆರಿಗೆಯಲ್ಲಿ ಮಾತ್ರ ದುರ್ಬಲರು. ಟೆಕ್ಸಾಸ್, ವಾಷಿಂಗ್ಟನ್‌ನಂಥ ಕಡೆ ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲ, ಚಿಂತೆಯಿಲ್ಲ. ಕ್ಯಾಲಿಫೋರ್ನಿಯಾ ಕೇಂದ್ರದ ಒಪ್ಪಂದಗಳನ್ನು ಮಾನ್ಯ ಮಾಡುವುದಿಲ್ಲ. ಅಲ್ಲಿನವರು ರಾಜ್ಯದ ರಿಟರ್ನ್‌ಗೆ ಬೇರೆಯವರನ್ನು ಹಿಡಿಯುವುದು ಒಳ್ಳೆಯದು. ಹೆಂಡತಿಗೆ ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗದವರ ತೆರಿಗೆ ನಂಬರ್) ಬೇಕಾದರೂ ಪಾಸ್‌ಪೋರ್ಟ್ ದೃಢೀಕರಿಸುವ ಅಧಿಕಾರ ಇವರಿಗಿಲ್ಲ.

ಶುಲ್ಕ ಫಾರ್ಮಿಗೆ ಇಷ್ಟೆಂದು ನಿಗದಿ, ರಿಫಂಡಿನಲ್ಲಿ ಪಾಲು ಕೇಳುವುದಿಲ್ಲ. ಪಾಲು ಕೇಳುವವರು ರಿಫಂಡ್ ಹಿಗ್ಗಿಸಲು ನಾನ್‌ರೆಸಿಡೆಂಟ್ ಹುಡುಗನಿಗೆ ರೆಸಿಡೆಂಟರ 1040 ತುಂಬಿ, ಸಿಗಬಾರದ ವಿದ್ಯಾಭ್ಯಾಸದ ಕ್ರೆಡಿಟ್ ಹಾಕಿಬಿಡುತ್ತಾರೆ. ಅದರ ಹೊಣೆ ಹುಡುಗನದೇ. ದುಡ್ಡು ತೆಗೆದುಕೊಂಡು ರಿಟರ್ನ್ ತಯಾರಿಸುವವರು ಪಿಟಿಐಎನ್ (ರಿಟರ್ನ್ ತಯಾರಕರ) ನಂಬರ್ ಹಾಕಿ ಸಹಿ ಮಾಡಲೇಬೇಕು, ಇವರು ಮಾಡುತ್ತಾರೆ. ಎಲ್ಲಿಗೇ ಹೋದರೂ ಆ ಜಾಗ ಖಾಲಿ ಬಿಟ್ಟವರಿಂದ ಕಾಗದ ವಾಪಸ್ ತೆಗೆದುಕೊಳ್ಳಿ.

ಡಬ್ಲ್ಯೂ-2 ಜನವರಿ ಕೊನೆಗೆ ಬರುತ್ತದೆ, ಸಂಬಳ ಇದ್ದವರ 1040-ಎನ್‌ಆರ್ ಗಡುವು ಏಪ್ರಿಲ್ 15. ಮಾರ್ಚ್‌ನಲ್ಲಿ ಇಲ್ಲಿನ ವರ್ಷಾಂತ್ಯದ ಕೆಲಸವೂ ಸೇರಿ ಕಚೇರಿಯಲ್ಲಿ ಫೋನ್ ಎತ್ತುವವರಿರುವುದಿಲ್ಲ, ಫೆಬ್ರವರಿಯಲ್ಲೇ ಹೋಗಿ. ಮಗನ ಪರವಾಗಿ ತಂದೆ ತಾಯಿ ಕಾಗದ ಒಯ್ದು ಕೊಟ್ಟರೆ ನಡೆಯುತ್ತದೆ, ಆದರೆ ಸಹಿ ಮಗನದೇ ಬೇಕು, ಅವನ ಪ್ರಯಾಣದ ತಾರೀಖುಗಳ ಪಟ್ಟಿಯೂ ಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಅವರೇ ಕೇಳಿದರೂ.