ಕ್ಯಾಲ್ಸಿಯಂ-ಡಿ3 ಮಾತ್ರೆ: ಐದು ವರ್ಷದ ಬಳಕೆಯ ನಂತರ

5ಕ್ಕೆ 4

ಮೂಳೆಯ ಸಾಂದ್ರತೆ ಕಡಿಮೆ ಅಂತ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ3 ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಎಂಟು ವಾರ ನುಂಗಿ ಮುಗಿಸಿದ ಮೇಲೆ ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್ ಅಂತ ತಿಳಿಯಿತು. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ವಸ್ತು. ಹುಟ್ಟಿದಾಗಿನಿಂದ ಸಸ್ಯಾಹಾರಿಯಾದ ನನಗೆ ಆವತ್ತು ಊಟ ಸೇರಲಿಲ್ಲ.

ಕ್ಯಾಲ್ಸಿಯಂ ಸ್ಟ್ರಿಪ್ ತಿರುಗಿಸಿ ನೋಡಿದರೆ ಔಷಧದ ಹೆಸರಿನ ಕೆಳಗೆ ‘ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.’ ಅಂತಷ್ಟೇ ಇತ್ತು, ಅಂದರೆ ಔಷಧದ ಜೊತೆ ಸೇರಿಸುವ ಬೇರೆ ವಸ್ತುಗಳು ಬೇಕಾದಷ್ಟು. ಅಡುಗೆ ಪುಸ್ತಕದಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತ ಬರೆಯುತ್ತಾರಲ್ಲ, ಹಾಗೆ. ಆದರೆ ಅಲ್ಲಿ ಉಪ್ಪು ಅಂತಲಾದರೂ ಹೇಳಿರುತ್ತಾರೆ.

ಡಾಕ್ಟರನ್ನು ಕೇಳಿಯೇ ಈಗಿನ ಬಾಟಲಿಗೆ ಬದಲಾದೆ. ಇದು ಆಹಾರ ಪರವಾನಗಿಯ ಪೂರಕ, ಹಾಗಾಗಿ ಹಸಿರು ಚುಕ್ಕೆಯೂ ಇದೆ, ಪೂರ್ತಿ ಪಟ್ಟಿಯೂ ಇದೆ. 1250 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್ (ಅದರಲ್ಲಿ ಕ್ಯಾಲ್ಸಿಯಂ 500), ಪುಡಿ ಉದುರದಂತೆ ಹಿಡಿದಿಡಲು ಮರದ ನಾರಿನಿಂದ ಬರುವ ಸೆಲ್ಯುಲೋಸ್, ನೀರು ತಾಗಿದೊಡನೆ ಉಬ್ಬಿ ಮಾತ್ರೆಯನ್ನು ಒಡೆಯುವ ಕ್ರಾಸ್‌ಕಾರ್ಮೆಲೋಸ್, ಯಂತ್ರಕ್ಕೆ ಅಂಟದಿರಲು ಮೆಗ್ನೀಸಿಯಂ ಸ್ಟಿಯರೇಟ್. ಈ ಕೊನೆಯದರ ಬಗ್ಗೆ ವಾಟ್ಸಾಪಿನಲ್ಲಿ ಬಹಳ ಹೆದರಿಸುತ್ತಾರೆ. ಸಾಮಾನ್ಯವಾಗಿ ಅದು ಮಾತ್ರೆಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಅಷ್ಟೆ, ನನಗದರ ಭಯವಿಲ್ಲ. ಆದರೆ ಸ್ಟಿಯರೇಟನ್ನು ತಾಳೆ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಕೊಬ್ಬಿನಿಂದಲೂ ಮಾಡುತ್ತಾರೆ. ಅದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ. ಡಿ3ಯನ್ನೂ ಹೆಚ್ಚಾಗಿ ಕುರಿಯುಣ್ಣೆಯ ಜಿಡ್ಡಿನಿಂದಲೇ ತಯಾರಿಸುವುದು. ಇದರಲ್ಲಿರುವುದು ಕಲ್ಲುಹೂವಿನಿಂದ ತೆಗೆದದ್ದು. ಮಸಾಲೆಗೆ ಹುರಿಯುವ ಕಲ್ಲುಹೂವಿನ ಬಳಗದ್ದೇ ಅಂತ ಓದಿದಾಗ ತುಂಬ ಸಮಾಧಾನವಾಯಿತು.

ಹೊಸ ಬಾಟಲಿ ತಂದಾಗಲೆಲ್ಲ ಒಂದು ಮಾತ್ರೆಯನ್ನು ವಿನೆಗರ್‌ನಲ್ಲಿ ಹಾಕಿ ಆಗಾಗ ಕಲಕುತ್ತೇನೆ. ಅರ್ಧ ಗಂಟೆಯೊಳಗೆ ಒಡೆದು ಹರಡಬೇಕು. ಇದು ಹತ್ತೇ ನಿಮಿಷಕ್ಕೆ ಬಿಚ್ಚಿಕೊಳ್ಳುತ್ತದೆ. ನಡುವೆ ಅಗ್ಗಕ್ಕೆ ಸಿಕ್ಕಿತೆಂದು ತಂದ ಬೇರೆ ಮಾತ್ರೆ ಗಂಟೆ ಕಳೆದರೂ ಗೋಲಿಯ ಹಾಗೇ ತಳದಲ್ಲಿ ಕೂತಿತ್ತು. ಲೋಟದಲ್ಲೇ ಒಡೆಯದ್ದು ಹೊಟ್ಟೆಯಲ್ಲಿ ಒಡೆದೀತು ಅನ್ನುವ ನಂಬಿಕೆ ನನಗೆ ಬರಲಿಲ್ಲ.

ಒಂದು ಅಂಕ ಕಳೆದದ್ದು ಮಳೆಗಾಲಕ್ಕಾಗಿ. ನಮ್ಮದು ತೀರ್ಥಹಳ್ಳಿ ಕಡೆ. ಆಷಾಢದಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುವ ಊರು. ಹೊಟ್ಟೆಯಲ್ಲಿ ಮಾತ್ರೆ ಒಡೆಯಲೆಂದು ಹಾಕಿದ ಕ್ರಾಸ್‌ಕಾರ್ಮೆಲೋಸ್ ಗಾಳಿಯ ತೇವವನ್ನೂ ಬಿಡದೆ ಹೀರುತ್ತದೆ. ಮೊದಲ ವರ್ಷ 120 ಮಾತ್ರೆಯ ಬಾಟಲಿಯಲ್ಲಿ ಅರ್ಧಕ್ಕರ್ಧ ಉಬ್ಬಿ, ಮೈ ಒರಟಾಗಿ, ಹಿಡಿದರೆ ಪುಡಿಯಾದವು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 30ರ ಬಾಟಲಿಯನ್ನೇ ತರುತ್ತೇನೆ, ಒಳಗಿನ ಸಿಲಿಕಾ ಪೊಟ್ಟಣ ತೆಗೆಯುವುದಿಲ್ಲ, ಒಲೆಯ ಹತ್ತಿರ ಇಡುವುದಿಲ್ಲ. ಕಂಪನಿಯವರು ಇದನ್ನೇ ಸ್ಟ್ರಿಪ್‌ನಲ್ಲಿ ಕೊಟ್ಟರೆ ಆ ಒಂದು ಅಂಕವನ್ನೂ ಕೊಡುತ್ತೇನೆ.