ಒಬ್ಬನೇ ರಾಮ್ಸೆ, ಎರಡು ಅಡುಗೆಮನೆ: ಬ್ರಿಟನ್ ಮತ್ತು ಅಮೆರಿಕದ ರಿಯಾಲಿಟಿ ಶೋಗಳು

ಒಂದು ತಿಂಗಳು ದಿನಾ ರಾತ್ರಿ ಊಟ ಆದಮೇಲೆ ಒಂದೇ ಕೆಲಸ. ಮೊದಲು ಒಂದು ಬ್ರಿಟಿಷ್ ಎಪಿಸೋಡ್, ಅದರ ಬೆನ್ನಿಗೇ ಅದೇ ಶೋನ ಅಮೆರಿಕದ ಎಪಿಸೋಡ್. ಎರಡರಲ್ಲಿ ಯಾವುದು ನನಗೆ ಹಿಡಿಸುತ್ತದೆ, ಯಾಕೆ ಅಂತ ತಿಳಿಯಬೇಕಿತ್ತು.

ಶುರು ಮಾಡಿದ್ದು ಬ್ರಿಟಿಷ್ ಶೆಫ್ ಗಾರ್ಡನ್ ರಾಮ್ಸೆಯ 'ಕಿಚನ್ ನೈಟ್‌ಮೇರ್ಸ್'ನಿಂದ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಮನುಷ್ಯ ಅವನೇ, ಕೆಲಸವೂ ಅದೇ. ಮುಳುಗುತ್ತಿರುವ ಹೋಟೆಲ್‌ಗೆ ಹೋಗಿ, ಕೆಲವು ದಿನ ಅಲ್ಲೇ ಇದ್ದು, ಎತ್ತಿ ನಿಲ್ಲಿಸುವುದು. ಬ್ರಿಟನ್‌ನಲ್ಲಿ 2004ರಲ್ಲಿ ಚಾನೆಲ್ 4ರಲ್ಲಿ ಬಂತು, ಅಮೆರಿಕದಲ್ಲಿ 2007ರಲ್ಲಿ ಫಾಕ್ಸ್‌ನಲ್ಲಿ. ನನಗೆ ಇದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ನಮ್ಮ ದೊಡ್ಡಪ್ಪ ಹೋಟೆಲ್ ಇಟ್ಟಿದ್ದರು. ಬೇಸಿಗೆ ರಜೆಯಲ್ಲಿ ನಾನು ಗಲ್ಲಾ ಪಕ್ಕದಲ್ಲೇ ಕೂತಿರುತ್ತಿದ್ದೆ. ತಿಂಡಿ ಹೊತ್ತಿನಲ್ಲಿ ಟೇಬಲ್ ಖಾಲಿ ಬಿದ್ದರೆ ಅವರ ಮುಖ ಹೇಗಾಗುತ್ತಿತ್ತು ಅಂತ ಇನ್ನೂ ಕಣ್ಣಿಗೆ ಕಟ್ಟಿದೆ.

ಬ್ರಿಟನ್‌ನ ಮೊದಲ ಎಪಿಸೋಡ್ ಯಾರ್ಕ್‌ಶೈರ್‌ನ ಸಿಲ್ಸ್‌ಡನ್ ಎಂಬ ಪುಟ್ಟ ಊರಿನದು. ಹೆಡ್ ಶೆಫ್ ಇನ್ನೂ ಹುಡುಗ. ದೊಡ್ಡ ಅಡುಗೆಯ ಆಸೆ. ರಾಮ್ಸೆ ಅವನಿಗೆ ಕೇಳುವುದು ಒಂದೇ: ಒಂದು ಆಮ್ಲೆಟ್ ಮಾಡಿಕೊಡು. ಹುಡುಗನ ಕೈಯಲ್ಲಿ ಆಗುವುದಿಲ್ಲ. ಅಷ್ಟರಲ್ಲೇ ಆ ಹೋಟೆಲ್‌ನ ಕಾಯಿಲೆ ಏನು ಅಂತ ನಮಗೆ ಗೊತ್ತಾಗಿಬಿಡುತ್ತದೆ. ಯಾರೂ ವಿವರಿಸಬೇಕಿಲ್ಲ. ಇಲ್ಲಿ ಹಿನ್ನೆಲೆ ಧ್ವನಿಯೂ ರಾಮ್ಸೆಯದೇ. ಈ ಊರಿನವರು ಏನು ತಿನ್ನುತ್ತಾರೆ, ಮೆನು ಯಾಕೆ ಇಷ್ಟು ಉದ್ದ ಇದೆ, ಹತ್ತಿರದಲ್ಲೇ ಏನು ಬೆಳೆಯುತ್ತದೆ ಅಂತ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹೇಳುತ್ತಾನೆ. ಕೆಲವು ವಾರ ಬಿಟ್ಟು ವಾಪಸ್ ಬಂದು ನೋಡುತ್ತಾನೆ. ಕೆಲವರು ಕಲಿತಿರುತ್ತಾರೆ, ಕೆಲವರು ಹಳೇ ಚಾಳಿಗೇ ಬಿದ್ದಿರುತ್ತಾರೆ. ಅದನ್ನೂ ಮುಚ್ಚಿಡದೆ ತೋರಿಸುತ್ತಾರೆ.

ಅದೇ ರಾತ್ರಿ ಅಮೆರಿಕದ್ದು ಹಾಕಿದರೆ ತಲೆಗೆ ಬಡಿದ ಹಾಗಾಗುತ್ತದೆ. ಹಿನ್ನೆಲೆಗೆ ಬೇರೆಯವರ ಗಡಸು ಧ್ವನಿ. ಫ್ರಿಜ್ ಬಾಗಿಲು ತೆಗೆದರೆ ಢಂ. ಮಾಲೀಕ ಹುಬ್ಬು ಗಂಟಿಕ್ಕಿದರೆ ಇನ್ನೊಂದು ಢಂ. ಬ್ರೇಕ್‌ಗೆ ಮುಂಚೆ ಮುಂದಿನ ಜಗಳದ ತುಣುಕು, ಬ್ರೇಕ್ ಆದಮೇಲೆ ಮತ್ತೆ ಅದೇ. ರಾತ್ರೋರಾತ್ರಿ ಹೋಟೆಲ್‌ಗೆ ಹೊಸ ಬಣ್ಣ, ಹೊಸ ಕುರ್ಚಿ, ಬೆಳಿಗ್ಗೆ ಮಾಲೀಕರ ಕಣ್ಣೀರು. ಅಡುಗೆಯಲ್ಲಿ ಏನು ತಪ್ಪಿತ್ತು ಅನ್ನುವುದು ಈ ಗದ್ದಲದಲ್ಲಿ ಕಳೆದುಹೋಗುತ್ತದೆ. ನನಗೆ ಬೇಜಾರಾಗುವುದು ಇಲ್ಲೇ. ಕುರ್ಚಿ ಬದಲಾಯಿಸಿದರೆ ಸಾರು ರುಚಿ ಆಗುತ್ತಾ?

ಆದರೆ ಒಂದು ಮಾತು ಒಪ್ಪಬೇಕು. ಅಮೆರಿಕದವರು ಮನೆಯೊಳಗಿನ ಕಥೆಯನ್ನು ಬಿಡುವುದಿಲ್ಲ. ಅಪ್ಪ ಮಗನ ಮಾತು ನಿಂತಿರುತ್ತದೆ, ಗಂಡ ಹೆಂಡತಿ ನಡುವೆ ಸಾಲ ಬಂದು ಕೂತಿರುತ್ತದೆ. ಹೋಟೆಲ್ ಬೀಳುವುದು ಬರೀ ಅಡುಗೆಯಿಂದಲ್ಲ, ಇದರಿಂದಲೂ ಬೀಳುತ್ತದೆ. ದೊಡ್ಡಪ್ಪನ ಹೋಟೆಲ್ ಮುಚ್ಚಿದ್ದು ಪಾಲುದಾರರ ಜಗಳದಿಂದ. ಸಾಂಬಾರ್ ಕೊನೇ ದಿನದವರೆಗೂ ಚೆನ್ನಾಗಿಯೇ ಇತ್ತು.

ಆಮೇಲೆ 'ಬಿಗ್ ಬ್ರದರ್', ನಮ್ಮ ಬಿಗ್ ಬಾಸ್‌ನ ಮೂಲ. ಹುಟ್ಟಿದ್ದು 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ. 2000ದಲ್ಲಿ ಎರಡೂ ದೇಶಕ್ಕೆ ಬಂತು. ಬ್ರಿಟನ್‌ನಲ್ಲಿ ಯಾರು ಹೊರಗೆ ಹೋಗಬೇಕು ಅಂತ ಜನ ವೋಟ್ ಹಾಕುತ್ತಾರೆ. ಅಮೆರಿಕದಲ್ಲಿ ಎರಡನೇ ಸೀಸನ್‌ನಿಂದ ಮನೆಯೊಳಗಿನವರೇ ಒಬ್ಬರನ್ನೊಬ್ಬರು ಕಳಿಸುತ್ತಾರೆ. ಹಾಗಾಗಿ ಅಲ್ಲಿ ಲೆಕ್ಕಾಚಾರ, ಗುಂಪುಗಾರಿಕೆ, ಬೆನ್ನಿಗೆ ಚೂರಿ ಎಲ್ಲ ಜಾಸ್ತಿ. ನಮ್ಮ ಕನ್ನಡದ ಬಿಗ್ ಬಾಸ್ ಬ್ರಿಟನ್ ದಾರಿಯದು, ಜನರ ವೋಟಿನದು. ಜನರ ಕೈಗೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2007ರ 'ಸೆಲೆಬ್ರಿಟಿ ಬಿಗ್ ಬ್ರದರ್' ನೆನಪಿದೆಯಲ್ವಾ? ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯನ್ನು ಮನೆಯೊಳಗೆ ಹೀಯಾಳಿಸಿದಾಗ ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ 40,000ಕ್ಕೂ ಹೆಚ್ಚು ದೂರು ಹೋದವು. ಕೊನೆಗೆ ಅದೇ ಜನರ ವೋಟಿನಿಂದ ಅವರೇ ಗೆದ್ದರು. ಮನೆಯೊಳಗಿನವರ ಕೈಯಲ್ಲಿ ವೋಟ್ ಇದ್ದಿದ್ದರೆ ಗೆಲ್ಲುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಇಷ್ಟರ ಮೇಲೆ ನಾನು ಪೂರ್ತಿ ಬ್ರಿಟನ್ ಪಕ್ಷ ಅಂದುಕೊಂಡಿದ್ದೆ. 'ದಿ ಟ್ರೇಟರ್ಸ್' ಬಂದು ಅದನ್ನು ಕದಲಿಸಿತು. ಎರಡೂ ದೇಶದವರು ಆಡುವುದು ಸ್ಕಾಟ್‌ಲೆಂಡ್‌ನ ಅದೇ ಆರ್ಡ್ರಾಸ್ ಕೋಟೆಯಲ್ಲಿ. ಕೆಲವರು ಗುಟ್ಟಾಗಿ ದ್ರೋಹಿಗಳು. ರಾತ್ರಿ ಅವರು ಒಬ್ಬರನ್ನು ಆಟದಿಂದ ತೆಗೆಯುತ್ತಾರೆ. ಹಗಲಲ್ಲಿ ಉಳಿದವರು ದುಂಡು ಮೇಜಿನ ಸುತ್ತ ಕೂತು ದ್ರೋಹಿಯನ್ನು ಹುಡುಕಬೇಕು. 2022ರ ಬ್ರಿಟನ್ ಸೀಸನ್‌ನಲ್ಲಿ ಎಲ್ಲರೂ ನಮ್ಮ ನಿಮ್ಮ ಥರದವರು. ಬಹುಮಾನ ಹೆಚ್ಚೆಂದರೆ 1,20,000 ಪೌಂಡ್. ಬೆಳಿಗ್ಗೆ ತಿಂಡಿಗೆ ಒಬ್ಬೊಬ್ಬರೇ ಒಳಗೆ ಬರುತ್ತಾರೆ. ಕೊನೆಗೆ ಒಂದು ಕುರ್ಚಿ ಖಾಲಿ ಉಳಿಯುತ್ತದೆ. ಕೈಯಲ್ಲಿ ಬ್ರೆಡ್ ಹಿಡಿದವರು ಹಾಗೇ ನಿಂತುಬಿಡುತ್ತಾರೆ. ಸುಳ್ಳು ಹೇಳಿ ಅಭ್ಯಾಸ ಇಲ್ಲದವರು ಸುಳ್ಳು ಹೇಳುವಾಗ ಕುತ್ತಿಗೆ ಕೆಂಪಾಗುವುದು ಕಾಣುತ್ತದೆ. ನೋಡುತ್ತಾ ನೋಡುತ್ತಾ ನನಗೇ ಹೊಟ್ಟೆಯಲ್ಲಿ ಸಂಕಟ.

ಅಮೆರಿಕದ ಮೊದಲ ಸೀಸನ್‌ನಲ್ಲಿ 20 ಜನ. ಅರ್ಧ ಜನ ಆಗಲೇ ಬೇರೆ ರಿಯಾಲಿಟಿ ಶೋಗಳಲ್ಲಿ ಪಳಗಿದವರು. ಎರಡನೇ ಸೀಸನ್‌ನಿಂದ ಬರೀ ಹೆಸರು ಮಾಡಿದವರೇ. ಇವರ ಕಣ್ಣೀರು ನಾನು ನಂಬುವುದಿಲ್ಲ. ಆದರೆ ಆಟ ಇದೆಯಲ್ಲ, ಅದು ಚೆಸ್ ಇದ್ದ ಹಾಗೆ. ಒಂದು ನಡೆ ಇಟ್ಟರೆ ಮುಂದಿನ ಮೂರು ಯೋಚಿಸಿರುತ್ತಾರೆ. ನಿರೂಪಕ ಅಲನ್ ಕಮಿಂಗ್ ತನ್ನ ಸ್ಕಾಟಿಷ್ ಉಡುಪಿನಲ್ಲಿ ಬಂದು ನಿಂತರೆ ಇಡೀ ಕೋಟೆಯೇ ನಾಟಕದ ರಂಗ. ಬ್ರಿಟನ್‌ನ ನಿರೂಪಕಿ ಕ್ಲಾಡಿಯಾ ವಿಂಕಲ್‌ಮನ್ ಆಟಗಾರರ ಜೊತೆ ತಾನೂ ನೊಂದುಕೊಳ್ಳುತ್ತಾರೆ. ಕಮಿಂಗ್ ಕುತೂಹಲದಿಂದ ನೋಡುತ್ತಾ ನಿಲ್ಲುತ್ತಾರೆ.

ಈಗ ಮನೆಯಲ್ಲಿ ನಡೆಯುತ್ತಿರುವುದು ಹೀಗೆ. ಶನಿವಾರ ತಂಗಿ ಬಂದರೆ ಅಮೆರಿಕದ 'ಟ್ರೇಟರ್ಸ್', ದ್ರೋಹಿ ಯಾರು ಅಂತ ಇಬ್ಬರೂ ಚೀಟಿಯಲ್ಲಿ ಬರೆದಿಟ್ಟು ನೋಡುತ್ತೇವೆ. ಒಬ್ಬಳೇ ಇದ್ದಾಗ ಬ್ರಿಟನ್‌ನದು. ಹೋಟೆಲ್ ಶೋ ಮಾತ್ರ ಚಾನೆಲ್ 4ರ ಹಳೆಯದ್ದೇ. ಸಿಲ್ಸ್‌ಡನ್ ಎಪಿಸೋಡನ್ನು ಮೊನ್ನೆ ಮೂರನೇ ಸಲ ನೋಡಿದೆ, ಈ ಸಲ ದೊಡ್ಡಪ್ಪನ ಪಕ್ಕದಲ್ಲಿ ಕೂತು. ಆಮ್ಲೆಟ್ ಕೆಟ್ಟಾಗ ಅವರು ಏನೂ ಹೇಳಲಿಲ್ಲ. "ಪಾಪ, ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ ನೋಡು" ಅಂದಿದ್ದು ಎಪಿಸೋಡ್ ಮುಗಿದಮೇಲೆ.